ಹತ್ತು ಲಕ್ಷದ ಮೂರು

ಚನ್ನಗಿರಿ
೯-೮-೧೯೪೧

ಪ್ರೀತಿಯ ಮಗಳು ಕಸ್ತೂರಿಗೆ,

ನೆರೆದಿರುವ ಮಹಾಸಭೆಗೆ ವಂದನೆಗಳು! ಸಭೆ ಎಂದರೆ ನ್ಯಾಮತಿಯ ಅಡುಗೆಮನೆಯಲ್ಲಿ ಕೂತ ನೀನೊಬ್ಬಳೇ; ಅಧ್ಯಕ್ಷತೆ ನಿಮ್ಮತ್ತೆಯವರದು ಅಂದುಕೊಂಡಿದ್ದೇನೆ. ಕೆಮ್ಮು ಹೇಗಿದೆ? ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ನಿಮ್ಮವ್ವ ಮೊಣಕಾಲು ಹಿಡಿದುಕೊಂಡೇ ಓಡಾಡುತ್ತಾಳೆ. ನನಗೆ ಕಾಯಿಲೆ ಇಲ್ಲ, ಕೋಪವಿದೆ. ಅದೂ ಒಂದು ಸಂಖ್ಯೆಯ ಮೇಲೆ.

ಹತ್ತು ಲಕ್ಷದ ಮೂರು. ನೆನಪಿದೆಯಲ್ಲ? ಎರಡು ವರ್ಷದ ಹಿಂದೆ ನ್ಯಾಮತಿಯವರು ನಿನ್ನನ್ನು ನೋಡಲು ಬರುವ ದಿನ, ಶಿವಮೊಗ್ಗದ ಹೈಸ್ಕೂಲಿಗೇ ಹೋಗುತ್ತೇನೆಂದು ನೀನು ಹಟ ಹಿಡಿದೆ. ಲೆಕ್ಕದ ಮೇಷ್ಟ್ರು ನಾನು, ಪಂಥ ಕಟ್ಟಿದೆ: ಒಂದನ್ನೂ ತನ್ನನ್ನೂ ಬಿಟ್ಟು ಈ ಸಂಖ್ಯೆಯನ್ನು ಬೇರಾವುದೂ ಶೇಷವಿಲ್ಲದೆ ಭಾಗಿಸದಿದ್ದರೆ ಹೈಸ್ಕೂಲು, ಭಾಗಿಸಿದರೆ ಮದುವೆ. ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಒಂದು ನಿನಗೆ, ಒಂದು ನನಗೆ ಎಂದು ಹಂಚಿಕೊಂಡು ಸ್ಲೇಟು ಹಿಡಿದು ಕೂತೆವು. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದಕ್ಕೂ ನಾಲ್ಕು, ಹದಿಮೂರಕ್ಕೂ ನಾಲ್ಕು, ಮೂವತ್ತೇಳಕ್ಕೂ ಅದೇ ನಾಲ್ಕು! ಇವೆಲ್ಲ ಆರು ಒಂಬತ್ತುಗಳನ್ನು ಸಾಲಾಗಿ ಬರೆದ ಸಂಖ್ಯೆಯನ್ನು ಪೂರ್ತಿ ಭಾಗಿಸುತ್ತವೆ, ನಮ್ಮದು ಅದಕ್ಕಿಂತ ನಾಲ್ಕು ಹೆಚ್ಚು ಎಂದು ನೀನೇ ಕಂಡುಹಿಡಿದು, "ಇದು ಯಾರಿಗೂ ಬಗ್ಗಾಕಿಲ್ಲ ನೋಡ್ರಿ ಅಪ್ಪಾ" ಅಂತ ಕುಣಿದೆ. "ಬೀಗರು ಬರೋ ಹೊತ್ತಾತು, ಅಪ್ಪ ಮಗಳು ಬಳಪ ತಿಂತಾ ಕೂತೀರಲ್ರೀ, ನಿಮಗೆ ಏನ್ ಬಡೀತು?" ಅಂತ ಒಳಗಿನಿಂದ ನಿಮ್ಮವ್ವ. ತೊಂಬತ್ತೇಳು ನಿನ್ನ ಪಾಳಿ, ಮೂವತ್ತು ಉಳಿಯಿತು. ನೂರೊಂದು ನನ್ನದು. ಶೇಷ ಸೊನ್ನೆ ಎಂದೆ. "ಅಪ್ಪ ಮಾಡಿದ ಲೆಕ್ಕ, ಇನ್ನೇನೈತೆ ಬಿಡ್ರಿ" ಎಂದು ನೀನು ಸೀರೆ ಉಡಲು ಎದ್ದೆ.

ಈ ಬೇಸಿಗೆಯಲ್ಲಿ ಅದೇ ಸಂಖ್ಯೆಯನ್ನು ಮತ್ತೆ ಹಿಡಿದೆ. ಯುದ್ಧದಿಂದ ಕಾಗದಕ್ಕೂ ತತ್ವಾರ. ಹಳೆಯ ಪರೀಕ್ಷೆಯ ಉತ್ತರಪತ್ರಿಕೆಗಳ ಬೆನ್ನ ಮೇಲೆಲ್ಲ ಭಾಗಾಕಾರವೇ. ಭಾಗಿಸಿದೆ, ಬೈದೆ, ಬೆವರಿದೆ. ಅದು ಬಾಗಲಿಲ್ಲ, ಬೀಗಿತು! ಎರಡು ವರ್ಗಸಂಖ್ಯೆಗಳ ಮೊತ್ತವಾಗಿ ಒಡೆಯೋಣವೆಂದರೆ ಅದಕ್ಕೂ ಒಪ್ಪದ ಜಾತಿ. ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವ ಅವಿಭಾಜ್ಯಗಳೆಲ್ಲ ಹಾಗೆಯೇ. ಕೊನೆಯ ಒಂಬೈನೂರ ತೊಂಬತ್ತೇಳಕ್ಕೆ ಹನ್ನೆರಡು ಉಳಿಯಿತು. ನೂರೊಂದಕ್ಕೂ ಎರಡು ಉಳಿಯುತ್ತದೆ, ಮಗಳೇ. ಅಂದು ಅವಸರದಲ್ಲಿ ನನ್ನ ಕಣ್ತಪ್ಪಾಗಿತ್ತು. ಪಂಥ ಗೆದ್ದವಳು ನೀನು. ಮನೆಯಲ್ಲೇ ಓದಿ ಹೈಸ್ಕೂಲಿನ ಪರೀಕ್ಷೆಗೆ ಕೂರಬಹುದಂತೆ. ಅಳಿಯ ಬಂಗಾರಪ್ಪನವರಿಗೆ ನಾನೇ ಬರೆದು ಕೇಳಲೇ? ಹೂಂ ಅಥವಾ ಊಹೂಂ, ಒಂದಾದರೂ ಬರೆ.

ಹಿರಿಯರಿಗೆ ನಮಸ್ಕಾರ, ನಿನಗೆ ಮನಸಾರೆ ಹರಕೆ.

ನಿನ್ನಪ್ಪ,
ಷಣ್ಮುಖಪ್ಪ

ಒಂದು ಮಾತು ಮರೆತಿದ್ದೆ; ಟಪಾಲಿನವನು ಬಾಗಿಲಲ್ಲಿದ್ದಾನೆ. ಮರೆತೇನೂ ಇರಲಿಲ್ಲ. ಕಣ್ತಪ್ಪಲ್ಲ ಕಸ್ತೂರಿ. ಆ ಪಂಥದ ಹಿಂದಿನ ವಾರವೇ ಸಂತೇಬೆನ್ನೂರಿನ ಸಂತೆಯಲ್ಲಿ ಬೀಗರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಸ್ಲೇಟಿನ ಮೇಲೆ ಉಳಿದ ಆ ಎರಡನ್ನು ನಾನೇ ಹೆಬ್ಬೆರಳಿನಿಂದ ಒರೆಸಿ ಸೊನ್ನೆ ಬರೆದೆ.