ಕೊರಳಲ್ಲಿ ಇಲ್ಲದ ಬಳ್ಳಿ

ಹೆರಿಗೆ ಆಸ್ಪತ್ರೆಯ ಮಾನ್ಯ ನಿರ್ದೇಶಕರೇ,

ನನ್ನ ಎರಡನೇ ಮಗು ಯಾವ ದಿನ ಹುಟ್ಟಬೇಕೆಂದು ನೀವು ಆಗಲೇ ಗೊತ್ತುಮಾಡಿಬಿಟ್ಟಿದ್ದೀರಂತೆ. ಸಂತ ಜೊವಾವೊ ಹಬ್ಬದ ಹಿಂದಿನ ವಾರ! ನೋವು ಬಂದಿಲ್ಲ, ಆ ಹೊತ್ತಿಗೆ ತಿಂಗಳೂ ತುಂಬಿರುವುದಿಲ್ಲ, ನನ್ನನ್ನು ಯಾರೂ ಕೇಳಿಲ್ಲ. ಫೋನ್ ಮಾಡಿದ ನಿಮ್ಮ ಕಚೇರಿಯ ಹುಡುಗಿಯನ್ನು ಕಾರಣ ಕೇಳಿದೆ. "ಒಂದ್ಸಲ ಹೊಟ್ಟೆ ಕೊಯ್ದಿದ್ರೆ ಆಮೇಲೆ ಯಾವಾಗ್ಲೂ ಕೊಯ್ಯೋದೇ, ತಾಯಮ್ಮ" ಎಂದಳು. ಹಾಗಾದರೆ ಮೊದಲ ಸಲ ಕೊಯ್ದದ್ದೇಕೆ? ಇದನ್ನು ಪತ್ರಿಕೆಯ ಮೂಲಕ ಇಡೀ ರೆಸಿಫೆ ನಗರದ ಎದುರಿಗೇ ಕೇಳುತ್ತಿದ್ದೇನೆ.

ಆಗಲೂ ಇದೇ ಹಬ್ಬದ ಮುಂಚಿನ ವಾರ. ನಿಮ್ಮ ವೈದ್ಯರು ಸ್ಕ್ಯಾನಿಂಗ್ ಚಿತ್ರ ತೋರಿಸಿ, "ಹೊಕ್ಕುಳಬಳ್ಳಿ ಮಗು ಕೊರಳಿಗೆ ಸುತ್ಕೊಂಡಿದೆ, ತಾಯಮ್ಮ. ಕಾಯ್ತೀನಿ ಅಂದ್ರೆ ಕಾಯಿ, ಆಮೇಲೆ ನನ್ನ ಬಯ್ಯಬೇಡ" ಎಂದರು. ಇಷ್ಟು ಕೇಳಿದ ಮೇಲೆ ಯಾವ ಹೆಂಗಸು ಕಾಯುತ್ತಾಳೆ? ಹೊರಗೆ ಬಂದರೆ ಬೆಂಚಿನಲ್ಲಿ ಕೂತವಳಿಗೂ ಬಳ್ಳಿ, ಅವಳ ಪಕ್ಕದವಳಿಗೂ ಬಳ್ಳಿ. ವೈದ್ಯರು ಹಬ್ಬಕ್ಕೆ ಊರಿಗೆ ಹೊರಡುವ ವಾರವೇ ಊರಿನ ಮಕ್ಕಳಿಗೆಲ್ಲ ಬಳ್ಳಿ ಬಿಗಿಯುತ್ತದೆ ಎನ್ನುವುದು ಯಾವ ಶಾಸ್ತ್ರದಲ್ಲಿದೆ, ಸ್ವಾಮಿ?

ನಿಮ್ಮ ಆಸ್ಪತ್ರೆಯ ಹೆಮ್ಮೆ ಆಪರೇಷನ್ ಕೋಣೆಯ ಆ ದೊಡ್ಡ ಗಾಜು. ಅದರ ಆಚೆ ನೆಂಟರಿಗೆ ತಿಂಡಿ, ತಂಪು ಪಾನೀಯ. ಮಗುವನ್ನು ಎತ್ತುವವರೆಗೆ ಮಸುಕಾಗಿದ್ದ ಗಾಜು ಆ ಗಳಿಗೆಗೆ ತಿಳಿಯಾಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನ್ನ ತಾಯಿ ಜುಲೇಡಿ ಮಾತ್ರ ತಟ್ಟಲಿಲ್ಲ, ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಆಮೇಲೆ ವೈದ್ಯರನ್ನು ಅಡ್ಡಗಟ್ಟಿದಳು.

"ಡಾಕ್ಟ್ರೇ, ಕೊರಳಲ್ಲಿ ಏನೂ ಇರ್ಲಿಲ್ವಲ್ಲ. ಬಳ್ಳಿ ಎಲ್ಲೋಯ್ತು?"

"ಬಿಚ್ಕೊಂಡಿರ್ಬೇಕು, ಅಜ್ಜಿ."

"ಓಹೋ. ನಿಮ್ಮ ಚಾಕು ನೋಡಿ ಹೆದರ್ಕೊಂಡು ಬಿಚ್ಕೊಳ್ತೇನೋ."

ವೈದ್ಯರು ನಕ್ಕು ಹೋದರು. ಅವರ ಕೈಯಲ್ಲಿ ಆಗಲೇ ಕಾರಿನ ಕೀಲಿ ಇತ್ತು.

ತಿಂಗಳು ತುಂಬದೆ ಹುಟ್ಟಿದ ನನ್ನ ಮಗಳು ಮಾಯಾರಾಳ ಶ್ವಾಸಕೋಶ ಇನ್ನೂ ಬಲಿತಿರಲಿಲ್ಲ. ಬೀದಿಬೀದಿಯಲ್ಲಿ ಹಬ್ಬದ ಬೆಂಕಿ ಉರಿಯುತ್ತಿದ್ದಾಗ ಅವಳು ಗಾಜಿನ ಪೆಟ್ಟಿಗೆಯೊಳಗೆ ಕೊಳವೆಯಿಂದ ಉಸಿರಾಡುತ್ತಿದ್ದಳು. ನಾನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಬಗ್ಗಿ ನಿಂತು ನೋಡುತ್ತಿದ್ದೆ. ಆ ಗಾಜಿನ ಮುಂದೆ ನೀವು ತಿಂಡಿ ಇಟ್ಟಿರಲಿಲ್ಲ. ಮಗಳು ಉಳಿದಳು, ಸರಿ. ಆದರೆ ಈಗಲೂ ಅವಳಿಗೆ ನೆಗಡಿಯಾದರೆ ನನಗೆ ಜೀವ ಬಾಯಿಗೆ ಬರುತ್ತದೆ.

ನಾನೇನು ಚಾಕುವಿನ ವೈರಿಯಲ್ಲ. ನನ್ನ ಅಕ್ಕ ಲೆನೀರಾ ಹೆರಿಗೆಯ ಹೊತ್ತಿನಲ್ಲಿ ರಕ್ತ ಹರಿದು ಸಾಯುತ್ತಿದ್ದಳು. ಅವಳನ್ನೂ ಮಗುವನ್ನೂ ಉಳಿಸಿದ್ದು ಸಿಸೇರಿಯನ್ನೇ. ಆ ವೈದ್ಯೆಗಾಗಿ ಈಗಲೂ ಮೇಣದಬತ್ತಿ ಹಚ್ಚುತ್ತೇನೆ. ನನ್ನ ಸಿಟ್ಟಿಗೆ ಕಾರಣವೂ ಅದೇ. ಮನೆಗೆ ಬೆಂಕಿ ಬಿದ್ದಾಗ ಕೂಗಬೇಕಾದ ಕೂಗನ್ನು ನಿಮ್ಮವರು ರಜೆಗಾಗಿ ಕೂಗಿದರು. ನಾಳೆ ನನ್ನ ಹೊಟ್ಟೆಯಲ್ಲಿ ನಿಜವಾಗಿಯೇ ಏನಾದರೂ ಕೆಟ್ಟರೆ ನಿಮ್ಮ ಮಾತನ್ನು ನಾನು ಹೇಗೆ ನಂಬಲಿ?

ಆದ್ದರಿಂದ ಆ ದಿನಾಂಕ ರದ್ದಾಗಬೇಕು. ನೋವು ಬರಲಿ; ಬಂದಾಗ ಊರಿನಲ್ಲಿರುವ ವೈದ್ಯರೊಬ್ಬರು ನನ್ನ ಪಕ್ಕದಲ್ಲಿರಲಿ. ಕೊಯ್ಯಲೇಬೇಕಾಗಿ ಬಂದರೆ ನಾನೇ ಹೋಗಿ ಮಲಗುತ್ತೇನೆ. ಆದರೆ ಕಾರಣವನ್ನು ಮೊದಲು ನನಗೂ ನನ್ನ ತಾಯಿಗೂ ಹೇಳಬೇಕು. ಅವಳು ಈ ಸಲವೂ ಗಾಜಿನ ಆಚೆ ಇರುತ್ತಾಳೆ. ಈ ಪತ್ರ ಓದಿಸಿಕೊಂಡು ಒಂದೇ ಮಾತು ಸೇರಿಸಲು ಹೇಳಿದ್ದಾಳೆ: "ನಂಗೆ ತಿಂಡಿ ಬೇಡ, ಕನ್ನಡಕ ತರ್ತೀನಿ ಅಂತ ಬರಿಯೇ."

ಇಂತಿ,
ನಿಮ್ಮಲ್ಲಿ ಎಲ್ಲರ ಬಾಯಲ್ಲೂ ಬರೀ ತಾಯಮ್ಮ;
ಯಾರಾದರೂ ಹೆಸರು ಕೇಳಿದ್ದರೆ, ಇರಾಸಿಲ್ದಾ