ಅಡ್ಡದಂಡವಿಲ್ಲದ ಸೈಕಲ್

ಅತನೂರ, ಕಾರ್ತಿಕ ಮಾಸ, 1948

ನಾನು ಹೆಸರು ಹಿಡಿದು ಎಂದೂ ಕರೆಯದ ಗಂಡನಿಗೆ,

ಇಂದು ಕಮ್ಮಾರ ಮೌನಪ್ಪ ನಿಮ್ಮ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿದ. ಸೀಟಿನ ಮುಂದಿನ ಅಡ್ಡದಂಡ ಕತ್ತರಿಸಿ, ಕೆಳಗೆ ಬಗ್ಗಿಸಿ ಬೆಸೆದಿದ್ದಾನೆ.

"ರಾಯರು ಹೇಳಿದಂಗೇ ಮಾಡೀನ್ರಿ ಬಾಯಾರ. ಸೀರಿ ಉಟ್ಟೋರೂ ಆರಾಮ ಹತ್ತಬಹುದು," ಎಂದ.

ನನಗೆ ಮೈಯೆಲ್ಲ ಉರಿಯಿತು. ಚಳವಳಿಗಾಗಿ ಆಳಂದದಿಂದ ಜೇವರ್ಗಿಯ ತನಕ ನೀವು ತುಳಿದ ಸೈಕಲ್ಲು. ಅದನ್ನು ನನಗಾಗಿ ಕತ್ತರಿಸಿರೆಂದು ನಿಮಗೆ ಯಾರು ಹೇಳಿದ್ದರು? ನೀವು ಅದನ್ನು ಮೌನಪ್ಪನಿಗೆ ಕೊಟ್ಟ ವಾರವೇ ನಿಜಾಮನ ಕಡೆಯ ರಜಾಕಾರರು ನಿಮ್ಮನ್ನು ಹುಡುಕಿಕೊಂಡು ಬಂದರು. ಸೈಕಲ್ಲು ಕುಲುಮೆಯಲ್ಲಿ ತುಂಡಾಗಿ ಬಿದ್ದಿತ್ತು. ನೀವು ಸೊಲ್ಲಾಪುರದ ಕಡೆಗೆ ನಡೆದೇ ಹೊರಟಿರಿ. ಗಡಿ ಇನ್ನೊಂದು ಹರದಾರಿ ಇರುವಾಗ ಅವರು ಕುದುರೆಗಳ ಮೇಲೆ ಬೆನ್ನಟ್ಟಿ ಬಂದು ನಿಮ್ಮನ್ನು ಕೊಂದರು.

ಮೌನಪ್ಪ ಹೋದ ಮೇಲೆ ಬಾಗಿಲು ಹಾಕಿಕೊಂಡು ಸೈಕಲ್ಲು ಹತ್ತಿ ನೋಡಿದೆ. ನಾನು ಉಡುವುದು ಕಚ್ಚೆ ಸೀರೆ. ದಂಡ ಇದ್ದಿದ್ದರೂ ಗಂಡಸರಂತೆ ಕಾಲು ದಾಟಿಸಿ ಕೂಡಬಹುದಿತ್ತು. ಹನ್ನೊಂದು ವರ್ಷ ಕಣ್ಣೆದುರಿಗಿದ್ದ ಸೀರೆ ನಿಮಗೆ ಕಾಣಲೇ ಇಲ್ಲವೇ? ಒಂದು ಮಾತು ಕೇಳಬಾರದಿತ್ತೇ?

ದಂಡ ಕತ್ತರಿಸಲೆಂದು ನೀವು ಹುರುಪಿನಿಂದ ಅಳತೆ ತೆಗೆದ ದಿನ ನಾನು ಹೀಗೇ ಕಚ್ಚೆ ಹಾಕಿಕೊಂಡು, ದಂಡ ಇರಲಿ ಎನ್ನದೆ ನಿಮ್ಮೆದುರಿಗೆ ನಗುತ್ತ ನಿಂತಿದ್ದೆ.

ತುಳಸಾ