ಕಾರಿಡಾರಿನಲ್ಲಿ ಕ್ರಾಕೋವ್

ಬಯಾನ್ ಲೆಪಾಸ್, ಪೆನಾಂಗ್
29 ಮಾರ್ಚ್ 2022, ಮಂಗಳವಾರ

ನನ್ನ ಹೊನ್ನಿ,

ಮೊನ್ನೆ ಭಾನುವಾರ, ಮಾರ್ಚ್ ಇಪ್ಪತ್ತೇಳರ ಸಂಜೆ, ಕನ್ನಡ ಬಳಗದ ಜೂಮ್ ಸಭೆಯಲ್ಲಿ, ನಲವತ್ತು ಮನೆಯವರ ಎದುರು ನೀನು ನನಗೆ ಅನ್ಯಾಯ ಮಾಡಿದೆ. ಏಪ್ರಿಲ್ ಒಂದಕ್ಕೆ ದೇಶದ ಗಡಿ ತೆರೆಯುತ್ತಿದೆಯಲ್ಲ, ನಿಮ್ಮಿಬ್ಬರ ಪೋಲೆಂಡ್ ಪ್ರವಾಸ ಯಾವಾಗ ಎಂದು ಬಳಗದ ಲೋಕೇಶ ಕೇಳಿದ. ನೀನು ನಕ್ಕು ಹೇಳಿದೆ: "ಅಯ್ಯೋ, ಅದೆಲ್ಲ ಲಾಕ್‌ಡೌನ್ ಟೈಮ್‌ಪಾಸು ಕಣಪ್ಪ. ನಮ್ ಸರೋಜಿನಿ ಸೀರಿಯಸ್ಸಾಗಿ ತಗೊಂಡ್ಬಿಟ್ಟಿದಾಳೆ, ಪಾಪ."

ಟೈಮ್‌ಪಾಸ್ ಎಂದದ್ದನ್ನು ನುಂಗಿಕೊಂಡೇನು. ಆ 'ಪಾಪ' ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಫೋನಿನಲ್ಲಿ ಜಗಳಕ್ಕೆ ಬಂದರೆ ಮಗಳು ನವ್ಯಾ ಕರೆಯುತ್ತಿದ್ದಾಳೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನನಗೆ ಯಾವುದೂ ಮರೆತುಹೋಗುವುದಿಲ್ಲ ಎಂದು ನಿನಗೆ ಗೊತ್ತು. 1996ರಲ್ಲಿ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಯಲ್ಲಿ ಒಂದೇ ಮೈಸೂರು ಸಿಲ್ಕಿಗೆ ಇಬ್ಬರೂ ಕೈಹಾಕಿ ಸ್ನೇಹಿತೆಯರಾದೆವು. ಸೀರೆ ನೀನೇ ಒಯ್ದೆ. 2004ರಲ್ಲಿ ಕ್ಯಾಮರಾನ್ ಬೆಟ್ಟಕ್ಕೆ ಹೊರಟ ಬೆಳಗ್ಗೆ ನೀನು ಹೊಟ್ಟೆ ಸರಿಯಿಲ್ಲ ಎಂದೆ. ಪುಳಿಯೋಗರೆ ಕಟ್ಟಿಕೊಂಡಿದ್ದ ನಾನು ಅದನ್ನು ಮನೆಯಲ್ಲೇ ಕೂತು ತಿಂದೆ.

ಪೋಲೆಂಡಿನ ಆ ಕ್ರಾಕೋವ್ ಯಾರ ಆಸೆ, ಹೇಳು? ಮೊದಲ ಲಾಕ್‌ಡೌನಿನಲ್ಲಿ ನಾನು ಯುರೋಪಿನ ಇತಿಹಾಸವನ್ನು ಫೋನಿನಲ್ಲಿ ನಿನಗೆ ಓದಿ ಹೇಳುತ್ತಿದ್ದೆ. ಆ ಊರಿನ ದೊಡ್ಡ ಚೌಕದ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಊದುತ್ತಾರೆ, ರಾಗದ ನಡುವೆಯೇ ತಟ್ಟನೆ ನಿಲ್ಲಿಸುತ್ತಾರೆ. ಹಿಂದೆಂದೋ ದಾಳಿಯ ಸುದ್ದಿಯನ್ನು ಕಹಳೆಯೂದಿ ಸಾರುತ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ತಗುಲಿತ್ತೆಂದು ಕಥೆ.  ನೀನು, "ಪೂರ್ತಿ ಊದೋದೇ ಇಲ್ವಾ? ಅದನ್ನ ನಾನು ಕೇಳ್ಲೇಬೇಕು ಕಣೇ" ಎಂದೆ. ಆ ಮಾತು ನಿನ್ನದು. ನಾನು ನಕಾಶೆ ಹುಡುಕಿಕೊಟ್ಟವಳು ಮಾತ್ರ.

ಆಮೇಲೆ ದಿನಾ ಸಂಜೆ ಕ್ರಾಕೋವಿನಲ್ಲಿದ್ದೇವೆ ಎಂದುಕೊಂಡು ನಡೆದೆವಲ್ಲ, ಅದೂ ಟೈಮ್‌ಪಾಸೇ? ಸೈಬರ್‌ಜಯಾದ ನಿನ್ನ ಕಾಂಡೋದ ಕಾರ್ ಪಾರ್ಕಿನಲ್ಲಿ ನೀನು, ಇಲ್ಲಿ ಏಳನೇ ಮಹಡಿಯ ಕಾರಿಡಾರಿನಲ್ಲಿ ನಾನು, ಇಬ್ಬರ ಕಿವಿಯಲ್ಲೂ ಫೋನು. ನನ್ನ ಲಿಫ್ಟಿನ ಬಾಗಿಲು ಹಳೆಯ ಜವಳಿ ಮಾರುಕಟ್ಟೆ. ನಿನ್ನ ಕಡೆಯ ಕಂಬ ವಾವೆಲ್ ಅರಮನೆ. ಅಲ್ಲಿ ಯಾರದೋ ಕೆಂಪು ಕಾರು ನಿಂತಿದ್ದರೆ ಆ ಅರಮನೆಯ ಕಥೆಯಲ್ಲಿರುವ ಡ್ರ್ಯಾಗನ್ ಬಂದಿದೆ ಎನ್ನುತ್ತಿದ್ದೆ ನೀನು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, ಪೋಲೆಂಡಿಂದ ಬರೋವಾಗ ಕೆಳಗಿನ ಮಾಮಕ್ ಹೋಟೆಲಿನಲ್ಲಿ ಎರಡು ರೊಟ್ಟಿ ಪಾರ್ಸೆಲ್ ಕಟ್ಟಿಸ್ಕೊಂಡು ಬಾ ಎಂದು ಹಂಗಿಸುತ್ತಿದ್ದರು. ಕಳೆದ ಆಗಸ್ಟಿನಲ್ಲಿ ನಿನಗೆ ಕೋವಿಡ್ ಬಂದು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೂ ನೀನು ಈ ನಡಿಗೆ ಬಿಡಲಿಲ್ಲ. ಎಲ್ಲ ಸರಿಹೋಯಿತು, ಮೊದಲಿನ ಹಾಗೇ ಇದ್ದೇನೆ ಎಂದೆ. ನಾನೂ ಸರಿ ಎಂದೆ.

ಈಗ ಪ್ರವಾಸದ ವಿಷಯ. ಮೇ ಮೂರನೆಯ ವಾರ, ಮೂರು ಹಗಲು. ನನ್ನ ಮಂಡಿ ಈಚೆಗೆ ತೀರಾ ಕಾಟ ಕೊಡುತ್ತಿದೆ. ಅದರಿಂದ ಕೆಲವು ಬದಲಾವಣೆ ಮಾಡಿದ್ದೇನೆ, ನೀನು ಬೇಸರಪಡಬಾರದು. ಗೋಪುರ ಹತ್ತುವುದು ಬೇಡ. ಕಹಳೆ ಕೆಳಗಿನ ಚೌಕಕ್ಕೇ ಚೆನ್ನಾಗಿ ಕೇಳಿಸುತ್ತದಂತೆ, ಕಾಫಿ ಹೇಳಿ ಕೂತಿರೋಣ. ಊರಾಚೆಯ ಉಪ್ಪಿನ ಗಣಿಯಲ್ಲಿ ಬರೀ ಮೆಟ್ಟಿಲು, ಅದನ್ನೂ ಹೊಡೆದುಹಾಕಿದ್ದೇನೆ. ಹಳೇ ಪೇಟೆ ಸುತ್ತಲು ಬ್ಯಾಟರಿ ಗಾಡಿಗಳಿವೆ. ಕೋಟೆ ಗೋಡೆ ಇದ್ದ ಜಾಗದಲ್ಲಿ ಈಗ ಊರನ್ನು ಬಳಸಿದ ಉದ್ಯಾನವಿದೆ, ಸಮತಟ್ಟು, ಮರದ ನೆರಳು. ಹೋಟೆಲಿಗೆ ಲಿಫ್ಟ್ ಇದೆಯೇ ಎಂದು ಬರೆದು ಕೇಳಿದೆ. ಇದೆ ಎಂದು ಉತ್ತರ ಬಂತು. ಮುದುಕಿಯಂತೆ ಮಂಡಿ ಹಿಡಿದುಕೊಂಡು ಕೂರುವ ನನ್ನ ಜೊತೆ ಬರಲು ನಿನಗೆ ನಾಚಿಕೆಯಾಗುವುದಾದರೆ ಅದನ್ನಾದರೂ ಹೇಳು.

ಬರುವ ಶನಿವಾರ ಯುಗಾದಿ. ಮತ್ತೆ ಜೂಮ್, ಮತ್ತೆ ಅದೇ ನಲವತ್ತು ಮನೆ. ಅವಮಾನ ಬಹಿರಂಗವಾಗಿ ನಡೆದಿದೆ, ಉತ್ತರವೂ ಬಹಿರಂಗವಾಗಿಯೇ ಬರಬೇಕು. ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲು ಹೇಳಿಬಿಡು: ಹೊನ್ನಮ್ಮ ಕ್ರಾಕೋವಿಗೆ ಬರುತ್ತಾಳೋ ಇಲ್ಲವೋ, ಇಲ್ಲವಾದರೆ ಯಾಕೆ? ಮೈಕ್ ಮ್ಯೂಟ್ ಮಾಡಿಕೊಂಡು ತಲೆಯಾಡಿಸಿದರೆ ನಾನು ಒಪ್ಪುವುದಿಲ್ಲ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಸರೋಜಿನಿ

ಮರೆತಿದ್ದೆ: ನನ್ನ ಮಂಡಿಗೆ ಏನೂ ಆಗಿಲ್ಲ. ಸೆಪ್ಟೆಂಬರಿನಿಂದ ನೀನು ವಾವೆಲ್ ಅರಮನೆಯ ದಿಬ್ಬ ಹತ್ತುತ್ತಿದ್ದೇನೆ ಎಂದಾಗಲೆಲ್ಲ ಫೋನಿನಲ್ಲಿ ನಿನ್ನ ಚಪ್ಪಲಿಯ ಸದ್ದು ಇರುತ್ತಿರಲಿಲ್ಲ, ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಜನವರಿಯಲ್ಲಿ ಆ ಸದ್ದು ನಿಂತು ಚಪ್ಪಲಿ ಸದ್ದು ಮತ್ತೆ ಬಂತು. ಈಗ ಕಾರ್ ಪಾರ್ಕಿನ ನಾಲ್ಕು ಕಂಬದಷ್ಟು ನಡೆದು ಉಸಿರು ತೆಗೆದುಕೊಳ್ಳಲು ನಿಲ್ಲುತ್ತೀಯ. ಡಾಕ್ಟರು ಬೇಡವೆಂದರೆ ಬೇಡ, ನೀನಾಗಿ ಬೇಡವೆನ್ನಬೇಡ. ಆ ಉದ್ಯಾನದ ಫೋಟೋಗಳನ್ನೆಲ್ಲ ನೋಡಿದ್ದೇನೆ ಹೊನ್ನಿ, ಬೆಂಚಿನಿಂದ ಬೆಂಚಿಗೆ ಅಷ್ಟು ದೂರವೂ ಇಲ್ಲ.